ಮಣ್ಣಿನ ಹೂಜಿಯ ಸಾಕ್ಷ್ಯ

ಹಳೆಯದೆಂದು ಹೇಳಿಕೊಳ್ಳುವ ವಸ್ತುವೊಂದು ನಮ್ಮ ಮುಂದೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ಎರಡು. ಇದು ಯಾವ ಕಾಲದ್ದು? ಹಾಗೆಂದು ನುಡಿಯುತ್ತಿರುವ ಸಾಕ್ಷಿ ಯಾರು? ಮೊದಲನೆಯ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ; ಎರಡನೆಯದನ್ನು ಕೇಳುವವರು ವಿರಳ. ಪಠ್ಯಪುಸ್ತಕದಲ್ಲಿ ಇಸವಿಗಳು ಸಾಲುಗಟ್ಟಿ ನಿಂತಿರುವುದನ್ನು ಕಂಡು, ಅವು ತಾವಾಗಿಯೇ ಅಲ್ಲಿಗೆ ಬಂದುವೆಂದು ಮಕ್ಕಳು ಭಾವಿಸುವುದುಂಟು. ಒಂದೊಂದು ಇಸವಿಯ ಹಿಂದೆಯೂ ಒಂದು ಸಾಕ್ಷ್ಯವಿದೆ, ಆ ಸಾಕ್ಷ್ಯವನ್ನು ತೂಗಿ ನೋಡಿದ ಮನುಷ್ಯನೊಬ್ಬನಿದ್ದಾನೆ ಎಂಬುದನ್ನು ಅವರಿಗೆ ತಿಳಿಸಲು ರಾಜ್ಯ ಸಾಮ್ರಾಜ್ಯಗಳ ಕಥೆಯೇ ಆಗಬೇಕೆಂದಿಲ್ಲ. ಅಂಗೈಯಲ್ಲಿ ಹಿಡಿಯಬಹುದಾದ, ಬರಿಯ ಮಣ್ಣಿನಿಂದ ಮಾಡಿದ, ಚೀನಾ ದೇಶದ ಒಂದು ಚಹಾ ಹೂಜಿ ಸಾಕು. ಅದರ ವಯಸ್ಸನ್ನೂ ಅಸಲಿತನವನ್ನೂ ನಿರ್ಣಯಿಸುವ ಬಗೆಯನ್ನು ಪ್ರಕೃತ ಲೇಖನದಲ್ಲಿ ವಾಚಕರ ಮುಂದಿಡಲು ಬಯಸುತ್ತೇವೆ.

ಚೀನಾದ ಪೂರ್ವಭಾಗದ ಜಿಯಾಂಗ್ಸು ಪ್ರಾಂತದಲ್ಲಿ, ತಾಯ್‌ಹು ಎಂಬ ವಿಶಾಲವಾದ ಸರೋವರದ ಪಶ್ಚಿಮಕ್ಕೆ ಯೀಶಿಂಗ್ ಎಂಬ ಊರಿದೆ. ಅದಕ್ಕೆ ಸೇರಿದ ಡಿಂಗ್‌ಶು ಪಟ್ಟಣವು ಶತಮಾನಗಳಿಂದ ಕುಂಬಾರರ ನೆಲೆ. ಪಟ್ಟಣದ ಬದಿಯಲ್ಲಿರುವ ಹುವಾಂಗ್‌ಲೊಂಗ್ ಬೆಟ್ಟದ ಗಣಿಗಳಲ್ಲಿ ಕಲ್ಲಿನಂತೆ ಗಟ್ಟಿಯಾದ ಒಂದು ಬಗೆಯ ಜೇಡಿಮಣ್ಣು ದೊರೆಯುತ್ತಿತ್ತು. ಚೀನೀಯರು ಅದನ್ನು ‘ಝಿಶಾ’ ಎನ್ನುತ್ತಾರೆ. ‘ನೇರಿಳೆ ಬಣ್ಣದ ಮರಳು’ ಎಂದು ಆ ಮಾತಿನ ಅರ್ಥ. ಅಗೆದು ತೆಗೆದ ಗಟ್ಟಿಗಳನ್ನು ಬಿಸಿಲು ಮಳೆಗಳಿಗೆ ಬಿಟ್ಟು, ಅವು ತಾವೇ ಒಡೆದು ಪುಡಿಯಾದ ಮೇಲೆ ಬೀಸಿ, ಜರಡಿ ಹಿಡಿದು, ನೀರಿನಲ್ಲಿ ನಾದಿ ಹದಗೊಳಿಸುವರು. ಮಣ್ಣಿನಲ್ಲಿರುವ ಕಬ್ಬಿಣದ ಅಂಶಕ್ಕೆ ತಕ್ಕಂತೆ ಸುಟ್ಟ ಮೇಲೆ ಕಂದುನೇರಿಳೆ, ಕೆಂಪು, ಹಳದಿ ಎಂದು ಬಣ್ಣಗಳು ಬೇರೆ ಬೇರೆಯಾಗುತ್ತವೆ. ಸುಮಾರು ೧೧೦೦ರಿಂದ ೧೨೦೦ ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಇದನ್ನು ಸುಡುತ್ತಾರೆ. ಪಿಂಗಾಣಿಗೆ ಹಚ್ಚುವಂತೆ ಇದಕ್ಕೆ ಗಾಜಿನ ಮೆರುಗನ್ನು ಹಚ್ಚುವುದಿಲ್ಲ. ಮಣ್ಣಿನಲ್ಲಿ ಸೂಕ್ಷ್ಮ ರಂಧ್ರಗಳು ಉಳಿದು, ಹೂಜಿಯು ನೀರನ್ನು ಸೋರಗೊಡದೆ ಚಹಾದ ಪರಿಮಳವನ್ನು ಮಾತ್ರ ತನ್ನೊಳಗೆ ಹೀರಿಕೊಳ್ಳುತ್ತದೆ. ಚಹಾಪ್ರಿಯರು ಇದನ್ನು ಮೆಚ್ಚಿದುದಕ್ಕೆ ಇದೇ ಕಾರಣ.

ಮತ್ತೊಂದು ವಿಶೇಷವನ್ನು ಇಲ್ಲಿಯೇ ಹೇಳಬೇಕು. ನಮ್ಮ ಕುಂಬಾರರು ತಿಗುರಿಯ ಮೇಲೆ ಮಣ್ಣನ್ನಿಟ್ಟು ತಿರುಗಿಸಿ ಗಡಿಗೆಯನ್ನು ಎತ್ತುವಂತೆ ಯೀಶಿಂಗಿನ ಹೂಜಿಯನ್ನು ಎತ್ತುವುದಿಲ್ಲ. ಮಣ್ಣನ್ನು ತಟ್ಟಿ ರೊಟ್ಟಿಯಂತೆ ಹಾಳೆ ಮಾಡಿ, ಪಟ್ಟಿಯಾಗಿ ಕೊಯ್ದು, ಸುತ್ತಿ, ತುದಿಗಳನ್ನು ಬೆಸೆದು, ಒಳಗೆ ಬೆರಳಿಟ್ಟು ಹೊರಗಿನಿಂದ ಮರದ ಹಲಗೆಯಿಂದ ಬಡಿಬಡಿದು ದುಂಡಾಗಿಸುತ್ತಾರೆ. ಚೌಕಾಕಾರದ ಹೂಜಿಯಾದರೆ ಹಾಳೆಗಳನ್ನು ಕೊಯ್ದು ಪೆಟ್ಟಿಗೆಯಂತೆ ಅಂಟಿಸುತ್ತಾರೆ. ಮೂತಿ, ಹಿಡಿ, ಮುಚ್ಚಳಗಳನ್ನು ಬೇರೆಯಾಗಿ ಮಾಡಿ ಕೂಡಿಸುತ್ತಾರೆ. ಈ ಕ್ರಮವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಪರೀಕ್ಷೆಯ ಮಾತು ಬಂದಾಗ ಇದು ನಮಗೆ ಉಪಯೋಗವಾಗುವುದು.

ಈ ಹೂಜಿ ಹುಟ್ಟಿದುದಕ್ಕೆ ಚಹಾ ಕುಡಿಯುವ ರೀತಿಯಲ್ಲಾದ ಬದಲಾವಣೆ ಕಾರಣ. ಹಿಂದೆ ಚೀನಾದಲ್ಲಿ ಚಹಾದ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಬಿಲ್ಲೆಗಳಾಗಿ ಒತ್ತಿ ಒಣಗಿಸಿ, ಬೇಕಾದಾಗ ಪುಡಿಮಾಡಿ ಬಳಸುತ್ತಿದ್ದರು. ಮಿಂಗ್ ವಂಶದ ಮೊದಲನೆಯ ಚಕ್ರವರ್ತಿಯು ೧೩೯೧ರಲ್ಲಿ, ಅರಮನೆಗೆ ಕಾಣಿಕೆಯಾಗಿ ಬರುತ್ತಿದ್ದ ಬಿಲ್ಲೆಚಹಾವನ್ನು ನಿಲ್ಲಿಸಿ, ಬಿಡಿ ಎಲೆಯನ್ನು ಕಳುಹಿಸತಕ್ಕದ್ದೆಂದು ಆಜ್ಞೆ ಮಾಡಿದನು. ಬಿಡಿ ಎಲೆಯನ್ನು ಬಿಸಿನೀರಿನಲ್ಲಿ ನೆನೆಯಿಟ್ಟು ಬಸಿದುಕೊಳ್ಳುವ ಪದ್ಧತಿ ಕ್ರಮೇಣ ಎಲ್ಲೆಡೆಯೂ ಹರಡಿತು. ಮುಚ್ಚಳವೂ ಮೂತಿಯೂ ಇರುವ ಪಾತ್ರೆ ಆಗ ಅವಶ್ಯಕವಾಯಿತು.

ಮಿಂಗ್ ಆಳ್ವಿಕೆಯ ಕೊನೆಯ ಕಾಲದಲ್ಲಿ, ಸುಮಾರು ೧೬೪೦ರಲ್ಲಿ, ಝೌ ಗಾವೋಚಿ ಎಂಬ ವಿದ್ವಾಂಸನು ಈ ಹೂಜಿಗಳನ್ನೂ ಅವುಗಳನ್ನು ಮಾಡಿದವರನ್ನೂ ಕುರಿತು ಗ್ರಂಥವೊಂದನ್ನು ಬರೆದನು. ಅವನು ಹೇಳುವ ಪ್ರಕಾರ, ಜಿನ್‌ಶಾ ಎಂಬ ಬೌದ್ಧವಿಹಾರದ ಭಿಕ್ಷುವೊಬ್ಬನು ಈ ಬಗೆಯ ಹೂಜಿಯನ್ನು ಮೊದಲು ಮಾಡಿದನು. ಆ ವಿಹಾರದಲ್ಲಿ ಓದುತ್ತಿದ್ದ ಶ್ರೀಮಂತನೊಬ್ಬನ ಸೇವಕ ಹುಡುಗನಾದ ಗೋಂಗ್ ಚುನ್ ಎಂಬವನು ಭಿಕ್ಷುವಿನ ಕೈಕೆಲಸವನ್ನು ನೋಡಿ ಕಲಿತು, ಬೆರಳಿನಿಂದಲೇ ಮಣ್ಣನ್ನು ಒತ್ತಿ ಹೂಜಿ ಮಾಡಿದನು. ಬೆರಳಚ್ಚಿನ ಗೆರೆಗಳು ಅದರ ಮೈಯಲ್ಲಿ ಉಳಿದುವು. ಇದು ೧೬ನೆಯ ಶತಮಾನದ ಆದಿಭಾಗದ ಮಾತು. ಹೆಸರಿಲ್ಲದ ಭಿಕ್ಷು, ಬಳಿಕ ಒಬ್ಬ ಆಳುಮಗ—ಒಂದು ಮಹಾಕಲೆಯ ವಂಶಾವಳಿ ಹೀಗೆ ಆರಂಭವಾಗುತ್ತದೆ. ಮುಂದಿನ ತಲೆಮಾರುಗಳಲ್ಲಿ ಶಿ ದಾಬಿನ್ ಎಂಬವನು ಅಗ್ರಗಣ್ಯನಾದನು. ಅವನು ಮೊದಲು ದೊಡ್ಡ ಹೂಜಿಗಳನ್ನು ಮಾಡುತ್ತಿದ್ದು, ವಿದ್ವಾಂಸರ ಸಹವಾಸದಿಂದ ಸಣ್ಣ ಹೂಜಿಗಳತ್ತ ತಿರುಗಿದನೆಂದು ಝೌ ಗಾವೋಚಿ ಬರೆದಿದ್ದಾನೆ. ೧೭ನೆಯ ಶತಮಾನದ ಕೊನೆಯಲ್ಲಿ ಚೆನ್ ಮಿಂಗ್‌ಯುವಾನನು ಹಣ್ಣು, ಕಾಯಿ, ಮರದ ಬೊಡ್ಡೆಗಳ ರೂಪವನ್ನು ಮಣ್ಣಿಗೆ ತಂದನು. ೧೯ನೆಯ ಶತಮಾನದ ಆರಂಭದಲ್ಲಿ ಚೆನ್ ಮಾನ್‌ಶೆಂಗ್ ಎಂಬ ಅಧಿಕಾರಿಯು (೧೭೬೮–೧೮೨೨) ರೂಪಗಳನ್ನು ಕಲ್ಪಿಸಿಕೊಟ್ಟು, ಯಾಂಗ್ ಪೆಂಗ್‌ನಿಯನ್ ಎಂಬ ಕುಶಲಿಯು ಹೂಜಿಗಳನ್ನು ಮಾಡಿ, ಅವುಗಳ ಮೈಮೇಲೆ ಪದ್ಯಗಳನ್ನು ಕೊರೆಯುವ ಸಂಪ್ರದಾಯ ಪ್ರಸಿದ್ಧಿಗೆ ಬಂದಿತು.

ಹೀಗೆ ಮಾಡಿದವನ ಹೆಸರಿಗೆ ಬೆಲೆ ಬಂದೊಡನೆ, ಹೆಸರನ್ನು ಕದಿಯುವುದಕ್ಕೂ ಕಾರಣ ದೊರೆಯಿತು. ಆದರೆ ಪರರ ಹೆಸರನ್ನು ಹೂಜಿಗೆ ಒತ್ತಿದವರೆಲ್ಲರೂ ಮೋಸಗಾರರೆಂದು ತಿಳಿಯಬಾರದು. ಹುಯಿ ಮೆಂಗ್‌ಚೆನ್ ಎಂಬವನು ಮಿಂಗ್ ಯುಗದ ಅಂತ್ಯದ ವೇಳೆಗೆ ಸಣ್ಣ ಹೂಜಿಗಳಿಗೆ ಹೆಸರಾಗಿದ್ದನು. ಅವನು ತೀರಿಕೊಂಡು ಮುನ್ನೂರು ವರ್ಷಗಳಾದ ಮೇಲೆಯೂ ‘ಮೆಂಗ್‌ಚೆನ್’ ಎಂಬ ಹೆಸರು ಸಾವಿರಾರು ಹೂಜಿಗಳ ತಳದಲ್ಲಿ ಕಾಣಿಸಿಕೊಳ್ಳುತ್ತಲೇ ಇದ್ದಿತು. ಅಷ್ಟು ಹೊತ್ತಿಗೆ ಅದು ಒಬ್ಬ ಮನುಷ್ಯನ ಹೆಸರಾಗಿ ಉಳಿಯದೆ ಒಂದು ಮಾದರಿಯ ಹೆಸರಾಗಿತ್ತು. ಕೊಳ್ಳುವವರಿಗೂ ಅದು ತಿಳಿದಿತ್ತು. ಗುರುವಿನ ಮೇಲಣ ಗೌರವದಿಂದ ಅನುಕರಿಸುವುದೂ ಕೊಳ್ಳುವವನ ಕಣ್ಣಿಗೆ ಮಣ್ಣೆರಚುವುದೂ ಒಂದೇ ಅಲ್ಲ. ದುರದೃಷ್ಟವೆಂದರೆ, ಇನ್ನೂರು ವರ್ಷಗಳ ತರುವಾಯ ಹೂಜಿಯನ್ನು ಕೈಗೆತ್ತಿಕೊಳ್ಳುವವನಿಗೆ ಇವೆರಡೂ ಒಂದೇ ತೆರನಾಗಿ ಕಾಣುತ್ತವೆ. ಮಾಡಿದವನ ಮನಸ್ಸು ಮಣ್ಣಿನಲ್ಲಿ ಬರೆದಿರುವುದಿಲ್ಲ.

ಇದಕ್ಕೆ ಅತ್ಯಂತ ಸೋಜಿಗದ ನಿದರ್ಶನ ೨೦ನೆಯ ಶತಮಾನದಲ್ಲಿ ದೊರೆಯುತ್ತದೆ. ೧೯೩೦ರ ದಶಕದಲ್ಲಿ ಶಾಂಘೈ ನಗರದ ಪುರಾತನವಸ್ತು ವ್ಯಾಪಾರಿಗಳು ಯೀಶಿಂಗಿನಿಂದ ನುರಿತ ಕುಶಲಿಗಳನ್ನು ಕರೆಸಿಕೊಂಡು, ಸಂಬಳ ಕೊಟ್ಟು, ಹಳೆಯ ಗುರುಗಳ ಹೂಜಿಗಳ ಪ್ರತಿಗಳನ್ನು ಮಾಡಿಸಿದರು. ಆ ಕುಶಲಿಗಳಲ್ಲಿ ಪೇಯ್ ಶಿಮಿನ್, ಗು ಜಿಂಗ್‌ಝೌ ಮೊದಲಾದವರು ಇದ್ದರು. ಗು ಜಿಂಗ್‌ಝೌ (೧೯೧೫–೧೯೯೬) ಆಗ ಇಪ್ಪತ್ತರ ಹರೆಯದ ತರುಣ. ಶಿ ದಾಬಿನ್, ಚೆನ್ ಮಿಂಗ್‌ಯುವಾನ್ ಮುಂತಾದವರ ಹೆಸರುಗಳು ಆ ಪ್ರತಿಗಳ ಮೇಲೆ ಒತ್ತಲ್ಪಟ್ಟುವು. ಅವು ಮಾರಾಟವಾಗಿ, ಕೈಯಿಂದ ಕೈಗೆ ಸಾಗಿ, ಕೆಲವು ಪ್ರಸಿದ್ಧ ಸಂಗ್ರಹಗಳಲ್ಲಿ ಅಸಲಿಗಳೆಂದು ನೆಲೆಸಿದುವು. ಅದೇ ಗು ಜಿಂಗ್‌ಝೌ ಮುಂದೆ ತನ್ನ ಕಾಲದ ಅತ್ಯಂತ ಶ್ರೇಷ್ಠ ಹೂಜಿಗಾರನೆನಿಸಿದನು. ಹಳೆಯ ಹೂಜಿಗಳ ಪರೀಕ್ಷೆಯಲ್ಲಿಯೂ ಅವನ ಮಾತಿಗೆ ಎಣೆಯಿರಲಿಲ್ಲ. ಪ್ರತಿ ಮಾಡಲು ಅಸಲನ್ನು ಎಷ್ಟು ಸೂಕ್ಷ್ಮವಾಗಿ ನೋಡಬೇಕೋ ಅಷ್ಟನ್ನೂ ಅವನು ನೋಡಿದ್ದನು.

ಇದರಿಂದ ಆಗುವ ಹಾನಿ ಹಣ ತೆತ್ತವನೊಬ್ಬನಿಗೆ ಮಾತ್ರ ಎಂದು ಯಾರಾದರೂ ಹೇಳಬಹುದು. ಅದು ಸರಿಯಲ್ಲ. ಚೆನ್ ಮಿಂಗ್‌ಯುವಾನನ ಕಲೆ ಎಂಥದು ಎಂದು ಬರೆಯುವವನು ಅವನ ಹೆಸರಿನ ಹೂಜಿಗಳನ್ನು ನೋಡಿ ಬರೆಯುತ್ತಾನೆ. ಆ ಹೂಜಿಗಳಲ್ಲಿ ಕೆಲವು ಶಾಂಘೈಯಲ್ಲಿ ಹುಟ್ಟಿದವುಗಳಾದರೆ, ಅವನ ಹೊಗಳಿಕೆಯೂ ವಿಮರ್ಶೆಯೂ ಸಲ್ಲುವುದು ಬೇರೆಯವರಿಗೆ. ಆ ಬರಹವನ್ನು ನಂಬಿ ಮತ್ತೊಬ್ಬನು ಮೂರನೆಯ ಹೂಜಿಯನ್ನು ಅಸಲಿಯೆಂದು ನಿರ್ಣಯಿಸುತ್ತಾನೆ. ಒಂದು ಸುಳ್ಳು ಸಾಕ್ಷಿಯು ನಿಜವಾದ ಸಾಕ್ಷಿಗಳ ನಡುವೆ ನಿಂತರೆ ಇಡೀ ಸಾಲೇ ಕೆಡುತ್ತದೆ. ಆದುದರಿಂದ ಹೂಜಿಯ ಪರೀಕ್ಷೆಯು ಇತಿಹಾಸಕಾರನ ಕೆಲಸವೇ ಹೌದು.

ಇನ್ನು ಪರೀಕ್ಷೆಯ ಕ್ರಮವನ್ನು ನೋಡೋಣ. ಸಾಮಾನ್ಯವಾಗಿ ಜನರು ಮೊದಲು ತಿರುಗಿಸಿ ನೋಡುವುದು ತಳದಲ್ಲಿರುವ ಹೆಸರನ್ನು. ಮಿಂಗ್ ಕಾಲದವರು ಹೆಚ್ಚಾಗಿ ಬಿದಿರಿನ ಅಥವಾ ಲೋಹದ ಅಲಗಿನಿಂದ ಹಸಿಮಣ್ಣಿನ ಮೇಲೆ ಹೆಸರನ್ನು ಕೊರೆಯುತ್ತಿದ್ದರು. ಮುದ್ರೆ ಒತ್ತುವ ವಾಡಿಕೆ ಆಮೇಲೆ ಬಲವಾಯಿತು. ಮಾನ್‌ಶೆಂಗನ ಹೂಜಿಗಳಲ್ಲಿ ತಳದಲ್ಲಿ ‘ಆಮಾಂತುವೋ ಶಿ’ ಎಂಬ ಮುದ್ರೆಯೂ ಹಿಡಿಯ ಕೆಳಗೆ ‘ಪೆಂಗ್‌ನಿಯನ್’ ಎಂಬ ಸಣ್ಣ ಮುದ್ರೆಯೂ ಇರುವುದುಂಟು. ೧೯೫೦ರ ದಶಕದಲ್ಲಿ ಕುಶಲಿಗಳ ಸಹಕಾರ ಸಂಘದಿಂದ ಬೆಳೆದ ಯೀಶಿಂಗಿನ ಕಾರ್ಖಾನೆಯು ‘ಚೀನಾ ಯೀಶಿಂಗ್’ ಎಂಬ ಅರ್ಥದ ಮುದ್ರೆಯನ್ನು ಹಲವು ವರ್ಷ ಬಳಸಿತು. ಇವೆಲ್ಲವನ್ನೂ ತಿಳಿದಿರಬೇಕು, ಆದರೆ ಇವುಗಳನ್ನೇ ನಂಬಬಾರದು. ಮುದ್ರೆಯನ್ನು ಅಚ್ಚಿನ ಪುಸ್ತಕದಿಂದ ನೋಡಿ ಕೊರೆಯಬಹುದು. ಸತ್ತವನ ಮುದ್ರೆ ಮಗನ ಕೈಗೂ ಶಿಷ್ಯನ ಕೈಗೂ ಹೋಗಬಹುದು. ತನ್ನ ಕುಲಗೋತ್ರವನ್ನು ತಾನೇ ಹೇಳಿಕೊಳ್ಳುವವನ ಮಾತನ್ನು ನ್ಯಾಯಾಲಯವು ಕೇಳುತ್ತದೆ. ಅಷ್ಟರಿಂದಲೇ ತೀರ್ಪು ಕೊಡುವುದಿಲ್ಲ.

ಮುದ್ರೆಯ ವಿಷಯದಲ್ಲಿ ಒಂದು ಉಪಾಯ ಮಾತ್ರ ಗಟ್ಟಿಯಾದುದು. ಈ ಮಣ್ಣು ಒಣಗಿ ಸುಡುವಾಗ ನೂರಕ್ಕೆ ಸುಮಾರು ಹತ್ತರಷ್ಟು ಕುಗ್ಗುತ್ತದೆ. ಕೆಲವು ಕೆಂಪು ಮಣ್ಣುಗಳು ಇದಕ್ಕಿಂತಲೂ ಹೆಚ್ಚಾಗಿ ಕುಗ್ಗುತ್ತವೆ. ಅಸಲಿ ಹೂಜಿಯ ಮೇಲೆ ಅಚ್ಚು ತೆಗೆದು ಪ್ರತಿ ಮಾಡಿದರೆ ಆ ಪ್ರತಿಯು ಸುಟ್ಟ ಬಳಿಕ ಅಸಲಿಗಿಂತ ಚಿಕ್ಕದಾಗುತ್ತದೆ. ಸುಟ್ಟ ಮುದ್ರೆಯ ಗುರುತಿನಿಂದ ಮುದ್ರೆ ಮಾಡಿದರೂ ಹೀಗೆಯೇ. ಅಸಲಿ ಮುದ್ರೆಯ ಅಗಲ ನಿಶ್ಚಿತವಾಗಿ ತಿಳಿದಿದ್ದರೆ ಅಳತೆಪಟ್ಟಿಯೊಂದೇ ಎಷ್ಟೋ ಮೋಸವನ್ನು ಹೊರಗೆಳೆಯುವುದು.

ಎರಡನೆಯದಾಗಿ ಜನರು ನೋಡುವುದು ಮೈಯ ಹೊಳಪು. ಬಹುಕಾಲ ಬಳಸಿ, ಚಹಾ ಸುರಿದು, ಬಟ್ಟೆಯಿಂದ ಒರೆಸಿದ ಹೂಜಿಗೆ ಮೃದುವಾದ ಕಾಂತಿ ಬರುವುದು ನಿಜ. ಆದರೆ ಎಣ್ಣೆ, ಬೂಟಿನ ಪಾಲೀಷು, ಗಟ್ಟಿ ಚಹಾದ ಕಷಾಯ ಇವುಗಳಿಂದ ಆ ಕಾಂತಿಯನ್ನು ಕೆಲವೇ ದಿನಗಳಲ್ಲಿ ತರಿಸುವವರಿದ್ದಾರೆ. ಮಣ್ಣಿನಲ್ಲಿ ಹೂತಿಟ್ಟು ಕೊಳೆ ಹಿಡಿಸುವವರೂ ಇದ್ದಾರೆ. ಬಳಕೆಯಿಂದ ಬಂದ ಸವೆತವು ಕೈ ತಾಗುವ ಕಡೆ, ಮುಚ್ಚಳ ಕೂರುವ ಅಂಚಿನಲ್ಲಿ, ತಳ ಮೇಜಿಗೆ ತಾಗುವ ಕಡೆ ಹೆಚ್ಚಾಗಿದ್ದು ಉಳಿದ ಕಡೆ ಕಡಿಮೆಯಾಗಿರುತ್ತದೆ. ಹಚ್ಚಿ ತರಿಸಿದ ಬಣ್ಣವು ಎಲ್ಲ ಕಡೆಯೂ ಒಂದೇ ಸಮವಾಗಿದ್ದು, ಬೆರಳು ಸೇರದ ಸಂದುಗಳಲ್ಲಿ ಗಟ್ಟಿಯಾಗಿ ನಿಂತಿರುತ್ತದೆ. ಬಿಸಿನೀರು ಸುರಿದರೆ ವಾಸನೆಯನ್ನೂ ಬಿಡುತ್ತದೆ. ಹೀಗಿದ್ದರೂ ಹೊಳಪು ದುರ್ಬಲವಾದ ಸಾಕ್ಷಿಯೇ. ಇನ್ನೂರು ವರ್ಷ ಪೆಟ್ಟಿಗೆಯಲ್ಲಿದ್ದ ಅಸಲಿ ಹೂಜಿಗೆ ಹೊಳಪೇ ಇಲ್ಲದಿರಬಹುದು.

ಮೂರನೆಯದು ಮಾಡಿದ ರೀತಿ. ಇಲ್ಲಿ ಸಾಕ್ಷ್ಯಕ್ಕೆ ಸ್ವಲ್ಪ ಬಲ ಬರುತ್ತದೆ. ಏಕೆಂದರೆ ಮೋಸಗಾರನು ಹೊರಮೈಗೆ ಕೊಡುವಷ್ಟು ಗಮನವನ್ನು ಒಳಮೈಗೆ ಕೊಡುವುದಿಲ್ಲ. ಮುಚ್ಚಳ ತೆಗೆದು ಒಳಗೆ ನೋಡಬೇಕು. ಮೇಲೆ ಹೇಳಿದಂತೆ ಹಾಳೆ ಸುತ್ತಿ ಮಾಡಿದ ಹೂಜಿಯಾದರೆ ಪಟ್ಟಿಯ ತುದಿಗಳನ್ನು ಬೆಸೆದ ಗುರುತು ಹೆಚ್ಚಾಗಿ ಹಿಡಿಯ ನೇರದಲ್ಲಿ ಕಾಣುತ್ತದೆ. ತಿಗುರಿಯ ಮೇಲೆ ಎತ್ತಿದುದಾದರೆ ಒಳಗೆ ಸುತ್ತುಸುತ್ತಾದ ಬೆರಳಗೆರೆಗಳಿರುತ್ತವೆ. ಅದು ಬೇರೆ ಪ್ರಾಂತದ ಪದ್ಧತಿ. ೧೯೫೦ರ ದಶಕದ ಕೊನೆಯಿಂದ ಕಾರ್ಖಾನೆಯಲ್ಲಿ ಪ್ಲಾಸ್ಟರ್ ಅಚ್ಚುಗಳ ಬಳಕೆ ಹೆಚ್ಚಿತು. ಮಣ್ಣನ್ನು ನೀರಾಗಿ ಕಲಸಿ ಅಚ್ಚಿನೊಳಗೆ ಸುರಿದು ಮಾಡಿದ ಅಗ್ಗದ ಹೂಜಿಗಳೂ ಇವೆ. ಅವುಗಳ ಮೈಯಲ್ಲಿ ಝಿಶಾ ಮಣ್ಣಿನ ಮರಳಿನಂಥ ಕಣಗಳು ಕಾಣದೆ ಒಂದು ಬಗೆಯ ಸಪ್ಪೆ ನುಣುಪು ಇರುತ್ತದೆ. ಮೂತಿಯ ಬುಡದಲ್ಲಿ ಎಲೆಯನ್ನು ತಡೆಯುವ ರಂಧ್ರಗಳನ್ನೂ ನೋಡಬೇಕು. ಹಳೆಯ ಹೂಜಿಗಳಲ್ಲಿ ಒಂದೇ ದೊಡ್ಡ ರಂಧ್ರವಿರುವುದು ಸಾಮಾನ್ಯ. ಅನೇಕ ಸಣ್ಣ ರಂಧ್ರಗಳು ತರುವಾಯ ಬಂದವು. ಒಳಕ್ಕೆ ಉಬ್ಬಿದ ಅರ್ಧಗೋಲದಂಥ ಜಾಲರಿಯು ೨೦ನೆಯ ಶತಮಾನದ ಉತ್ತರಾರ್ಧದ್ದು. ಮಿಂಗ್ ಕಾಲದ ಹೆಸರನ್ನು ಹೊತ್ತ ಹೂಜಿಯಲ್ಲಿ ಈ ಗೋಲಜಾಲರಿ ಕಂಡರೆ ಮುಂದಿನ ವಿಚಾರಣೆಯೇ ಬೇಡ.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ತರ್ಕವಿದೆ. ಹೊಸ ಗುರುತೊಂದು ಕಂಡರೆ ಹೂಜಿ ಹೊಸದೆಂದು ಸಿದ್ಧವಾಗುತ್ತದೆ. ಹಳೆಯ ಗುರುತೊಂದು ಕಂಡರೆ ಹೂಜಿ ಹಳೆಯದೆಂದು ಸಿದ್ಧವಾಗುವುದಿಲ್ಲ. ಹಳೆಯದಾಗಿರಬಹುದು ಎಂಬಷ್ಟೇ ತಿಳಿಯುತ್ತದೆ. ಹಳೆಯ ರೀತಿಯನ್ನು ಬಲ್ಲ ಕೈ ಇಂದಿಗೂ ಹಾಗೆ ಮಾಡಬಲ್ಲದು. ಶಾಂಘೈಯಲ್ಲಿ ಕುಳಿತು ಪ್ರತಿ ಮಾಡಿದವರು ಯೀಶಿಂಗಿನವರೇ, ಮಣ್ಣೂ ಯೀಶಿಂಗಿನದೇ, ಹಾಳೆ ಸುತ್ತಿ ಬಡಿಯುವ ವಿದ್ಯೆಯೂ ಅವರಿಗೆ ವಂಶಪಾರಂಪರ್ಯವಾಗಿ ಬಂದುದೇ. ಅಲ್ಲಿ ಯಾವ ಹೊಸ ಗುರುತನ್ನು ಹುಡುಕುವುದು?

ವಿಜ್ಞಾನವು ಈ ತೊಡಕನ್ನು ಬಿಡಿಸುವುದೆಂದು ಕೆಲವರು ನಂಬುತ್ತಾರೆ. ಉಷ್ಣದೀಪ್ತಿ ಎಂಬ ಪರೀಕ್ಷೆಯೊಂದಿದೆ. ಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಣಗಳು ಸುತ್ತಮುತ್ತಣ ಸಹಜ ವಿಕಿರಣದ ಶಕ್ತಿಯನ್ನು ವರ್ಷ ವರ್ಷವೂ ಸ್ವಲ್ಪ ಸ್ವಲ್ಪವಾಗಿ ಕೂಡಿಟ್ಟುಕೊಳ್ಳುತ್ತವೆ. ಆವಿಗೆಯಲ್ಲಿ ಸುಟ್ಟಾಗ ಹಿಂದಿನ ಉಳಿತಾಯವೆಲ್ಲ ತೀರಿ, ಲೆಕ್ಕ ಸೊನ್ನೆಯಿಂದ ಮತ್ತೆ ಆರಂಭವಾಗುತ್ತದೆ. ಚಹಾದ ಬಿಸಿನೀರಿನ ಕಾವು ಈ ಲೆಕ್ಕವನ್ನು ಅಳಿಸಲಾರದು. ಪ್ರಯೋಗಶಾಲೆಯಲ್ಲಿ ಹೂಜಿಯ ಚಿಟಿಕೆ ಪುಡಿಯನ್ನು ಕಾಯಿಸಿದಾಗ ಹೊರಬೀಳುವ ಮಂದಬೆಳಕನ್ನು ಅಳೆದು, ಅದು ಸುಟ್ಟು ಎಷ್ಟು ವರ್ಷಗಳಾದುವೆಂದು ಎಣಿಸುತ್ತಾರೆ. ಈ ಎಣಿಕೆಯಲ್ಲಿ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚುಕಡಿಮೆ ಇರುವುದು ಸಾಮಾನ್ಯ. ಮುನ್ನೂರು ವರ್ಷದ ಹೂಜಿಯನ್ನೂ ತೊಂಬತ್ತು ವರ್ಷದ ಪ್ರತಿಯನ್ನೂ ಇದು ಬೇರ್ಪಡಿಸಬಲ್ಲದು. ನೂರ ಇಪ್ಪತ್ತು ವರ್ಷದ್ದನ್ನೂ ನೂರು ವರ್ಷದ್ದನ್ನೂ ಬೇರ್ಪಡಿಸಲಾರದು. ಪುಡಿಗಾಗಿ ತೆಳುವಾದ ಹೂಜಿಯನ್ನು ಕೊರೆಯಬೇಕು. ಕೃತ್ರಿಮ ಕಿರಣಗಳನ್ನು ಹಾಯಿಸಿ ಲೆಕ್ಕವನ್ನು ಹೆಚ್ಚಿಸುವ ಕುಯುಕ್ತಿಯೂ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, ಈ ಪರೀಕ್ಷೆಯು ಕಾಲವನ್ನು ಹೇಳುತ್ತದೆಯೇ ಹೊರತು ಮಾಡಿದವನ ಹೆಸರನ್ನು ಹೇಳಲಾರದು.

ಹೀಗಾದರೆ ನಂಬತಕ್ಕ ಸಾಕ್ಷಿ ಯಾವುದು? ಯಾರನ್ನೂ ನಂಬಿಸಬೇಕೆಂಬ ಉದ್ದೇಶವಿಲ್ಲದೆ ಉಳಿದು ಬಂದ ಸಾಕ್ಷಿಯೇ ಅದು. ನಾನ್‌ಜಿಂಗ್ ನಗರದ ಹೊರವಲಯದಲ್ಲಿ ವೂ ಜಿಂಗ್ ಎಂಬ ಅರಮನೆಯ ಕಂಚುಕಿಯ ಸಮಾಧಿ ಇದ್ದಿತು. ಅವನನ್ನು ಹೂಳಿದ ವರ್ಷ ೧೫೩೩ ಎಂದು ಸಮಾಧಿಯ ಶಾಸನವೇ ಹೇಳುತ್ತದೆ. ೧೯೬೦ರ ದಶಕದ ಮಧ್ಯದಲ್ಲಿ ಅದನ್ನು ಅಗೆದಾಗ ಮೇಲ್ಭಾಗದಲ್ಲಿ ಬಿಲ್ಲಿನಂತೆ ಬಾಗಿದ ಹಿಡಿಯುಳ್ಳ ಒಂದು ಹೂಜಿ ದೊರೆಯಿತು. ಅದರ ಎತ್ತರ ಸುಮಾರು ೧೮ ಸೆಂಟಿಮೀಟರು. ಮುಚ್ಚಳದ ಒಳಗೆ ಅದು ಜಾರದಂತೆ ಶಿಲುಬೆಯಾಕಾರದ ಪಟ್ಟಿ ಇದೆ. ಮೈಮೇಲೆ ಅಲ್ಲಲ್ಲಿ ಗಾಜುಮೆರುಗಿನ ಹನಿಗಳು ಬಿದ್ದಿವೆ. ಆ ಕಾಲದಲ್ಲಿ ಹೂಜಿಗಳನ್ನು ಮೆರುಗು ಹಚ್ಚಿದ ದೊಡ್ಡ ಗುಡಾಣಗಳ ಜೊತೆಯಲ್ಲಿಯೇ ಆವಿಗೆಯಲ್ಲಿಟ್ಟು ಸುಡುತ್ತಿದ್ದುದರಿಂದ ಹನಿಗಳು ಸಿಡಿದು ಅಂಟಿಕೊಂಡಿವೆ. ಹೂಜಿಗಳನ್ನು ಬೇರೆ ಮಣ್ಣಿನ ಗೂಡುಗಳಲ್ಲಿ ಮುಚ್ಚಿಟ್ಟು ಸುಡುವ ಕ್ರಮ ತರುವಾಯದ್ದೆಂದು ಝೌ ಗಾವೋಚಿಯ ಗ್ರಂಥದಲ್ಲಿಯೂ ಇದೆ. ಗ್ರಂಥವು ಹೇಳಿದುದನ್ನು ಅದಕ್ಕಿಂತ ನೂರು ವರ್ಷ ಮೊದಲೇ ಮಣ್ಣಿನಲ್ಲಿ ಸೇರಿದ ಹೂಜಿ ಸಮರ್ಥಿಸುತ್ತದೆ. ಒಬ್ಬರನ್ನೊಬ್ಬರು ಅರಿಯದ ಇಬ್ಬರು ಸಾಕ್ಷಿಗಳು ಒಂದೇ ಮಾತನ್ನಾಡಿದರೆ ಆ ಮಾತಿಗೆ ತೂಕವುಂಟು.

ಶಿ ದಾಬಿನನ ವಿಷಯದಲ್ಲಿಯೂ ಸಮಾಧಿಗಳೇ ನೆರವಿಗೆ ಬಂದಿವೆ. ೧೯೬೮ರಲ್ಲಿ ಯಾಂಗ್‌ಝೌ ಬಳಿ ೧೬೧೬ರ ಸಮಾಧಿಯಲ್ಲಿ ಆರುಮೂಲೆಯ ಹೂಜಿ, ೧೯೮೪ರಲ್ಲಿ ವೂಶಿಯ ಬಳಿ ೧೬೨೯ರ ಸಮಾಧಿಯಲ್ಲಿ ಮೂರು ಕಾಲುಗಳ ಹೂಜಿ, ೧೯೮೭ರಲ್ಲಿ ಫೂಜಿಯನ್ ಪ್ರಾಂತದ ಝಾಂಗ್‌ಪುವಿನಲ್ಲಿ ೧೬೧೨ರ ಸಮಾಧಿಯಲ್ಲಿ ಮತ್ತೊಂದು ಹೂಜಿ—ಇವೆಲ್ಲವೂ ಅವನ ಹೆಸರನ್ನು ಹೊತ್ತಿವೆ. ಇವು ಅವನ ಕಾಲದಲ್ಲಿಯೇ ಮಣ್ಣಿಗೆ ಸೇರಿದವುಗಳಾದುದರಿಂದ ಶಾಂಘೈ ವ್ಯಾಪಾರಿಯ ಕೈ ಇವುಗಳಿಗೆ ತಾಗಿಲ್ಲ. ಅವನ ಕಾಲದಲ್ಲಿಯೇ ಯಾರಾದರೂ ಅವನ ಹೆಸರನ್ನು ಬಳಸಿದ್ದರೆ ಎಂಬ ಸಂದೇಹ ಆಗಲೂ ಉಳಿಯುತ್ತದೆ. ಆದರೆ ಕಾಲದ ಬಗೆಗೆ ಸಂದೇ

ಹವಿಲ್ಲ. ಸಮುದ್ರವೂ ಹೀಗೆಯೇ ಸಾಕ್ಷಿ ನುಡಿದಿದೆ. ೧೮೨೨ರಲ್ಲಿ ಬಟೇವಿಯಾಕ್ಕೆ ಹೋಗುತ್ತಿದ್ದ ‘ತೆಕ್ ಸಿಂಗ್’ ಎಂಬ ಚೀನೀ ಹಡಗು ಮುಳುಗಿತು. ೧೯೯೯ರಲ್ಲಿ ಅದರ ಸರಕನ್ನು ಮೇಲೆತ್ತಿದಾಗ ಪಿಂಗಾಣಿಯ ರಾಶಿಯ ಜೊತೆಗೆ ಯೀಶಿಂಗ್ ಹೂಜಿಗಳೂ ದೊರೆತುವು. ೧೮೨೨ರಲ್ಲಿ ಸಾಧಾರಣ ಮಾರಾಟದ ಹೂಜಿ ಹೇಗಿತ್ತೆಂಬುದು ಇವುಗಳಿಂದ ತಿಳಿಯುತ್ತದೆ. ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಅರಸ ಆಗಸ್ಟಸನ ಸಂಗ್ರಹದ ಪಟ್ಟಿಯನ್ನು ೧೭೨೧ರಲ್ಲಿ ಬರೆಯತೊಡಗಿದರು. ಆ ಪಟ್ಟಿಗೆ ಸೇರಿದ ಕೆಂಪು ಹೂಜಿಗಳು ಅಷ್ಟು ಹಳೆಯವೆಂಬುದಕ್ಕೆ ಉಗ್ರಾಣದ ಲೆಕ್ಕಪತ್ರವೇ ಆಧಾರ.

ನಮ್ಮ ನಾಡಿನ ಶಾಸನಗಳ ವಿಷಯದಲ್ಲಿಯೂ ಇದೇ ನ್ಯಾಯ ಸಲ್ಲುತ್ತದೆ. ಬಂಡೆಯ ಮೇಲೆ, ದೇವಾಲಯದ ಗೋಡೆಯ ಮೇಲೆ ಇರುವ ಶಾಸನವು ತನ್ನ ಸ್ಥಳವನ್ನು ಬಿಟ್ಟು ಹೋಗಿರುವುದಿಲ್ಲ. ತಾಮ್ರಪಟಗಳಾದರೋ ಕೈಯಿಂದ ಕೈಗೆ ಸಾಗುತ್ತವೆ. ಭೂಮಿಯ ಹಕ್ಕಿಗಾಗಿ ತರುವಾಯದ ಕಾಲದವರು ಹಳೆಯ ಅರಸರ ಹೆಸರಿನಲ್ಲಿ ಅವುಗಳನ್ನು ಬರೆಯಿಸಿದ್ದೂ ಉಂಟು. ಫ್ಲೀಟರು ೧೯೦೧ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಇಂಥ ಕೂಟಶಾಸನಗಳ ಪಟ್ಟಿಯನ್ನು ಪ್ರಕಟಿಸಿದರು. ಗಂಗರ ಹೆಸರಿನ ಹಲವು ತಾಮ್ರಪಟಗಳನ್ನು ಕುರಿತು ಅವರಿಗೂ ಬಿ. ಎಲ್. ರೈಸರಿಗೂ ಬಹುಕಾಲ ಭಿನ್ನಾಭಿಪ್ರಾಯ ನಡೆಯಿತು. ಆ ವಾದದಲ್ಲಿ ಅವರು ನೋಡಿದುದು ಅಕ್ಷರಗಳ ರೂಪ, ತಿಥಿಯ ಲೆಕ್ಕ, ವಂಶಾವಳಿಯ ಹೊಂದಿಕೆ. ಪಟದಲ್ಲಿ ಬರೆದ ಅರಸನ ಹೆಸರೊಂದನ್ನೇ ಯಾರೂ ಪ್ರಮಾಣವೆಂದು ಹಿಡಿಯಲಿಲ್ಲ.

ಇಷ್ಟು ತಿಳಿದ ಮೇಲೆ ಎಲ್ಲಕ್ಕಿಂತಲೂ ಪ್ರಸಿದ್ಧವಾದ ಹೂಜಿಯ ಬಳಿಗೆ ಹೋಗೋಣ. ೧೯೨೦ರ ದಶಕದಲ್ಲಿ ಯೀಶಿಂಗಿನವನೇ ಆದ ಚೂ ನಾನ್‌ಚಿಯಾಂಗ್ ಎಂಬ ಗೃಹಸ್ಥನು ಸೂಝೌ ನಗರದ ಅಂಗಡಿಯೊಂದರಲ್ಲಿ ವಿಚಿತ್ರವಾದ ಒಂದು ಹೂಜಿಯನ್ನು ಕಂಡು ಕೊಂಡನು. ಮರದ ಮೈಯಲ್ಲಿ ಬೆಳೆಯುವ ಗಂಟಿನಂತೆ ಅದರ ಮೈಯೆಲ್ಲ ಸುಕ್ಕು ಸುಕ್ಕು. ಹಿಡಿಯ ಬಳಿ ‘ಗೋಂಗ್ ಚುನ್’ ಎಂಬ ಎರಡು ಅಕ್ಷರಗಳು. ಅದಕ್ಕಿದ್ದ ಮುಚ್ಚಳವನ್ನು ೧೯ನೆಯ ಶತಮಾನದ ಕುಶಲಿಯಾದ ಹುವಾಂಗ್ ಯೂಲಿನ್ ಮಾಡಿದ್ದನು. ಅದು ಕುಂಬಳದ ತೊಟ್ಟಿನ ರೂಪದಲ್ಲಿದ್ದಿತು. ಚಿತ್ರಕಾರ ಹುವಾಂಗ್ ಬಿನ್‌ಹೋಂಗ್ ಅದನ್ನು ನೋಡಿ, ಹೂಜಿ ಮರದ ಗಂಟು, ಮುಚ್ಚಳ ಕುಂಬಳದ ತೊಟ್ಟು, ಇವೆರಡೂ ಹೊಂದುವುದಿಲ್ಲವೆಂದನು. ಆಗ ಪೇಯ್ ಶಿಮಿನನು ಮರದ ಗಂಟಿಗೆ ಒಪ್ಪುವ ಹೊಸ ಮುಚ್ಚಳವನ್ನು ಮಾಡಿಕೊಟ್ಟನು. ಈ ವೃತ್ತಾಂತವನ್ನೆಲ್ಲ—ಹೂಜಿ ಯಾರದು, ಕುಂಬಳವೆಂದು ತಪ್ಪು ತಿಳಿದವನು ಯಾರು, ಗಂಟೆಂದು ಗುರುತಿಸಿದವನು ಯಾರು, ಮುಚ್ಚಳವನ್ನು ಮತ್ತೆ ಮಾಡಿದವನು ಯಾರು, ಬರೆದವನು ಯಾರು ಎಂಬುದನ್ನು—ಹೊಸ ಮುಚ್ಚಳದ ಅಂಚಿನಲ್ಲಿಯೇ ಕೊರೆಯಲಾಯಿತು. ಚೂ ನಾನ್‌ಚಿಯಾಂಗನು ೧೯೫೨ರಲ್ಲಿ ಹೂಜಿಯನ್ನು ದೇಶಕ್ಕೆ ದಾನಮಾಡಿದನು. ಇಂದು ಅದು ಬೀಜಿಂಗಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಆದರೆ ಆ ಹೂಜಿ ಗೋಂಗ್ ಚುನನದೇ? ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಅದು ಸಮಾಧಿಯಿಂದ ಬಂದುದಲ್ಲ, ಅಂಗಡಿಯಿಂದ ಬಂದುದು. ೧೬ನೆಯ ಶತಮಾನದಿಂದ ಅಂಗಡಿಯವರೆಗಿನ ಅದರ ದಾರಿ ಕಾಣುವುದಿಲ್ಲ. ೧೫೩೩ರ ಹೂಜಿಯ ಪಕ್ಕದಲ್ಲಿಟ್ಟರೆ ಕೆಲಸದ ರೀತಿಯಲ್ಲಿ ಅಂತರ ಕಾಣುತ್ತದೆ. ಮುಚ್ಚಳ ಮಾಡಿದ ಹುವಾಂಗ್ ಯೂಲಿನನೇ ಹೂಜಿಯನ್ನೂ ಮಾಡಿರಬಹುದೆಂದು ಶಂಕಿಸುವವರಿದ್ದಾರೆ. ಪರೀಕ್ಷಕ ಗು ಜಿಂಗ್‌ಝೌ ಕೂಡ ಅದನ್ನು ಗೋಂಗ್ ಚುನನದೆಂದು ಒಪ್ಪಲಿಲ್ಲ. ಹೀಗೆ ಒಂದೇ ಪಾತ್ರೆಯಲ್ಲಿ ಎರಡು ಬಗೆಯ ಸಾಕ್ಷಿಗಳು ಕೂಡಿವೆ. ಕೆಳಗಿನ ಹೂಜಿಯು ಎರಡಕ್ಷರದ ಹೆಸರನ್ನು ಹೇಳಿ ಸುಮ್ಮನಾಗುತ್ತದೆ. ಅದನ್ನು ನಂಬಲು ಹಿಂದುಮುಂದು ನೋಡಬೇಕಾಗಿದೆ. ಮೇಲಿನ ಮುಚ್ಚಳವು ತಾನು ಹೊಸದೆಂದೂ ತನ್ನನ್ನು ಇಂಥವನು ಇಂಥ ಕಾರಣಕ್ಕೆ ಮಾಡಿದನೆಂದೂ ಹೇಳುತ್ತದೆ. ಆ ಮಟ್ಟಿಗೆ ಅದರ ಮಾತನ್ನು ಯಾರೂ ಅನುಮಾನಿಸಿಲ್ಲ. ಶಾಂಘೈಯಲ್ಲಿ ಹಳೆಯ ಗುರುಗಳ ಪ್ರತಿಗಳನ್ನು ಮಾಡಿದ ಪೇಯ್ ಶಿಮಿನನ ಕೈಯೇ ಈ ಪ್ರಾಮಾಣಿಕವಾದ ಮುಚ್ಚಳವನ್ನೂ ಮಾಡಿತು ಎಂಬುದನ್ನು ಮರೆಯಬಾರದು. ಕೈ ಒಂದೇ. ಒಂದು ಕೆಲಸಕ್ಕೆ ತನ್ನ ಹೆಸರನ್ನು ಬರೆಯಿತು, ಮತ್ತೊಂದಕ್ಕೆ ಪರರ ಹೆಸರನ್ನು ಒತ್ತಿತು.

ಇಂದಿನ ಪರಿಸ್ಥಿತಿ ಮತ್ತೂ ಜಟಿಲವಾಗಿದೆ. ೨೦೧೦ರಲ್ಲಿ ಬೀಜಿಂಗಿನ ಹರಾಜಿನಲ್ಲಿ ಗು ಜಿಂಗ್‌ಝೌ ೧೯೪೮ರಲ್ಲಿ ಮಾಡಿದ ಹೂಜಿಯೊಂದು ೧ ಕೋಟಿ ೨೩ ಲಕ್ಷ ಯುವಾನಿಗೂ ಮೇಲಣ ಬೆಲೆಗೆ ಹೋಯಿತು. ಪರರ ಹೆಸರಿನಲ್ಲಿ ಹೂಜಿ ಮಾಡಿದವನ ಹೆಸರನ್ನೇ ಈಗ ಪರರು ಕದಿಯುತ್ತಿದ್ದಾರೆ. ಅದೇ ವರ್ಷ ಮೇ ತಿಂಗಳಲ್ಲಿ ಚೀನಾದ ಕೇಂದ್ರ ದೂರದರ್ಶನವು, ಸಾಧಾರಣ ಮಣ್ಣಿಗೆ ರಾಸಾಯನಿಕ ಬಣ್ಣಗಳನ್ನು ಬೆರಸಿ ಝಿಶಾ ಎಂದು ಮಾರುವವರನ್ನು ಬಯಲಿಗೆಳೆಯಿತು. ಹೂಜಿಯ ವಯಸ್ಸಿನ ಸುಳ್ಳಿನಿಂದ ಹಣ ಹೋಗುತ್ತದೆ. ಮಣ್ಣಿನ ಸುಳ್ಳು ಚಹಾ ಕುಡಿಯುವವನ ಹೊಟ್ಟೆಯ ಪ್ರಶ್ನೆಯಾಗುತ್ತದೆ.

ಉಪಾಧ್ಯಾಯ ಬಂಧುಗಳು ಈ ವಿಷಯವನ್ನು ತರಗತಿಯಲ್ಲಿ ಬಳಸಿಕೊಳ್ಳಬಹುದೆಂದು ನಮ್ಮ ಭಾವನೆ. ಚೀನಾದ ಹೂಜಿ ಕೈಯಲ್ಲಿರಬೇಕಾದುದಿಲ್ಲ. ಊರಿನ ಒಂದು ಹಳೆಯ ಗಡಿಗೆ, ಒಂದು ನಾಣ್ಯ, ಮನೆತನದ ಒಂದು ಕಾಗದವನ್ನು ಮಕ್ಕಳ ಮುಂದಿಟ್ಟು ನಾಲ್ಕು ಪ್ರಶ್ನೆಗಳನ್ನು ಕೇಳಿಸಬೇಕು: ಇದು ತನ್ನ ವಿಷಯವಾಗಿ ತಾನೇ ಏನು ಹೇಳಿಕೊಳ್ಳುತ್ತದೆ? ಇದನ್ನು ಮಾಡಿದ ರೀತಿ ಏನು ಹೇಳುತ್ತದೆ? ಇದು ಎಲ್ಲಿ ಸಿಕ್ಕಿತು? ಇದನ್ನು ಅರಿಯದ ಬೇರೊಂದು ಸಾಕ್ಷಿ ಇದರ ಮಾತನ್ನು ಸಮರ್ಥಿಸುತ್ತದೆಯೇ? ಉತ್ತರ ಬಾರದಿದ್ದಲ್ಲಿ ‘ತಿಳಿಯದು’ ಎಂದು ಬರೆಯುವುದನ್ನೂ ಕಲಿಸಬೇಕು. ಅದು ಸೋಲಲ್ಲ, ಲೆಕ್ಕದ ಪುಸ್ತಕದಲ್ಲಿ ಬಾಕಿಯನ್ನು ಬಾಕಿಯೆಂದೇ ತೋರಿಸಿದಂತೆ.

ಬೀಜಿಂಗಿನ ಹೂಜಿ ಗೋಂಗ್ ಚುನನದಲ್ಲವೆಂದು ನಾಳೆ ನಿಶ್ಚಯವಾದರೂ ಆ ಸೇವಕ ಹುಡುಗನಿಗೆ ನಷ್ಟವೇನೂ ಇಲ್ಲ. ಓದುವ ಯಜಮಾನನಿಗೆ ನೀರು ಕಾಯಿಸುತ್ತಲೇ ಭಿಕ್ಷುವಿನ ಕೈಯನ್ನು ನೋಡಿ ವಿದ್ಯೆ ಕಲಿತವನ ಕೀರ್ತಿಯು ಒಂದು ಸಂಶಯದ ಪಾತ್ರೆಯನ್ನು ಆಶ್ರಯಿಸಿ ನಿಂತಿಲ್ಲ. ಅವನ ಹೆಸರಿಗೆ ಸಲ್ಲಬೇಕಾದ ಗೌರವವೆಂದರೆ, ಅವನದಲ್ಲದ್ದನ್ನು ಅವನ ತಲೆಗೆ ಕಟ್ಟದಿರುವುದು.